ಪೇಪರ್ ಕ್ಲಿಯರ್ ಅಂತ ಹೇಳಿದವರು ಯಾರು?

ಬೆಂಗಳೂರಿನ ವಿಜಯನಗರದ ಒಂದು ನಿವಾಸಿಗಳ ಸಂಘದಲ್ಲಿ, ಆಸ್ತಿ ಕೊಳ್ಳುವ ಮುಂಚೆ ಕಾಗದಪತ್ರ ನೋಡುವುದು ಹೇಗೆ ಅಂತ ಭಾನುವಾರ ಬೆಳಗ್ಗೆ ನಾನು ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಮನೆಯನ್ನೋ ಸೈಟನ್ನೋ ಕೊಂಡವರೇ ಜಾಸ್ತಿ ಇದ್ದೀರಿ ಅಂತ ಕಾಣುತ್ತದೆ. ಮೊದಲು ನನ್ನದೇ ಒಂದು ಪ್ರಶ್ನೆ. ಕೊಳ್ಳುವಾಗ "ಪೇಪರ್ ಎಲ್ಲಾ ಕ್ಲಿಯರ್ ಇದೆ" ಅಂತ ನಿಮಗೆ ಹೇಳಿದವರು ಯಾರು?

ಒಬ್ಬರು "ಬ್ರೋಕರ್" ಅಂದರು, ಸುತ್ತ ಕೂತವರು ನಕ್ಕರು. ಇನ್ನೊಬ್ಬರು "ಬ್ಯಾಂಕಿನವರು ಲೋನ್ ಕೊಟ್ಟರಲ್ಲ" ಅಂದರು. ಹಿಂದಿನ ಸಾಲಿನಿಂದ "ರಿಜಿಸ್ಟರ್ ಆಗಿದೆ, ಖಾತಾನೂ ನನ್ನ ಹೆಸರಿಗೆ ಬಂದಿದೆ, ಇನ್ನೇನು ಬೇಕು ಸಾರ್" ಅಂತ ಬಂತು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಇದನ್ನೇ. ಬ್ರೋಕರ್, ಬ್ಯಾಂಕು, ಸಬ್‌ರಿಜಿಸ್ಟ್ರಾರ್, ಪಾಲಿಕೆ, ಈ ನಾಲ್ವರಲ್ಲಿ ಯಾರೂ ನಿಮಗೋಸ್ಕರ ಪೇಪರ್ ನೋಡಿರುವುದಿಲ್ಲ. ಒಬ್ಬೊಬ್ಬರೂ ತಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ನೋಡಿ ಪಕ್ಕಕ್ಕಿಟ್ಟಿರುತ್ತಾರೆ. ಎಲ್ಲರೂ ನೋಡಿದ್ದಾರೆ ಅಂತ ನೀವು ನೆಮ್ಮದಿಯಾಗಿರುತ್ತೀರಿ.

ಸಬ್‌ರಿಜಿಸ್ಟ್ರಾರ್ ಏನು ನೋಡುತ್ತಾರೆ? ಬಂದವರು ಅವರೇನಾ, ಸಹಿ ಹಾಕಿದ್ದು ಒಪ್ಪಿಕೊಂಡರಾ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದ್ದಾರಾ. ಮಾರುವವರಿಗೆ ಆ ಆಸ್ತಿಯ ಮೇಲೆ ನಿಜವಾಗಿ ಹಕ್ಕು ಇದೆಯಾ ಅಂತ ತೀರ್ಮಾನ ಮಾಡುವುದು ಅವರ ಕೆಲಸವೇ ಅಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ನಿಯಮದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಮೂಲಪತ್ರ ತೋರಿಸದಿದ್ದರೆ ನೋಂದಣಿ ಮಾಡುವುದಿಲ್ಲ ಅನ್ನುವ ನಿಯಮ ಅಲ್ಲಿತ್ತು. ಅದನ್ನು ಕೋರ್ಟ್ ತೆಗೆದುಹಾಕಿತು, ಯಾಕಂದ್ರೆ ಹಕ್ಕು ಪರೀಕ್ಷೆ ಮಾಡುವ ಅಧಿಕಾರವನ್ನು ನೋಂದಣಿ ಕಾಯ್ದೆ ಆ ಅಧಿಕಾರಿಗೆ ಕೊಟ್ಟಿಲ್ಲ. ಹಾಗಂತ ನೋಂದಣಿ ಬೇಡ ಅಂತಲ್ಲ. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟ ರಿಜಿಸ್ಟರ್ ಆಗಲೇಬೇಕು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಾಲದಿಂದ ಇರುವ ಮಾತು ಅದು. ಆದರೆ ಮಾರಿದವರ ಹತ್ತಿರ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುತ್ತದೆ. ಅವರ ಹತ್ತಿರ ಅರ್ಧ ಇದ್ದರೆ ನಿಮಗೆ ಅರ್ಧ. ಏನೂ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಪೂರ್ತಿ ಶುಲ್ಕ ಕಟ್ಟಿದ ಕಾಗದ.

ಖಾತಾ ಅಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅನ್ನುವ ಲೆಕ್ಕ. ಬೆಂಗಳೂರಿನ ಪಾಲಿಕೆ ಅಂದರೆ ಬಿಬಿಎಂಪಿ ಅಂತಲೇ ಬಾಯಿಗೆ ಬರುತ್ತದೆ, ಈಗ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ಲೆಕ್ಕ ಮಾತ್ರ ಅದೇ. ಖಾತಾ, ಮ್ಯುಟೇಶನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ), ಪಹಣಿ ಇವು ಯಾವುವೂ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ ಅಂತ ಕೋರ್ಟುಗಳು ಎಷ್ಟು ಸಲ ಹೇಳಿವೆಯೋ ಲೆಕ್ಕವಿಲ್ಲ. 2024ರ ಅಕ್ಟೋಬರ್‌ನಿಂದ ನಗರದಲ್ಲಿ ಇ-ಖಾತಾ, ಅಂದರೆ ಡಿಜಿಟಲ್ ಖಾತಾ, ಇಲ್ಲದೆ ನೋಂದಣಿ ಆಗುವುದಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ಇದರಿಂದ ಸ್ವಲ್ಪ ಕಷ್ಟವಾಗಿದೆ, ಒಳ್ಳೆಯದೇ. ಆದರೆ ಇ-ಖಾತಾ ಬಂದ ತಕ್ಷಣ ಹಳೆಯ ತಕರಾರು ಅಳಿಸಿ ಹೋಗುವುದಿಲ್ಲ.

ಬ್ಯಾಂಕಿನ ವಿಷಯ ಬೇಗ ಮುಗಿಸುತ್ತೇನೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಕೊಡುವ ಒಪಿನಿಯನ್ ಬ್ಯಾಂಕಿಗೆ. ನಾಳೆ ಹಕ್ಕಿನಲ್ಲಿ ದೋಷ ಬಂದರೆ ಸೈಟ್ ಹೋಗುತ್ತದೆ, ಇಎಂಐ ಹೋಗುವುದಿಲ್ಲ. ಬ್ರೋಕರ್ ಬಗ್ಗೆ ನೀವೇ ನಕ್ಕಿದ್ದೀರಿ.

ಹಾಗಾದರೆ ನಾವು ನೋಡುವುದು ಏನನ್ನು? ಇವತ್ತಿನ ಮಾರಾಟಗಾರರಿಂದ ಹಿಂದಕ್ಕೆ ಹೋಗುವುದು. ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ಕ್ರಯವೋ ದಾನವೋ ಪಾಲುಪಟ್ಟಿಯೋ ವಿಲ್ಲೋ. ರೂಢಿಯಲ್ಲಿ 30 ವರ್ಷ ಅನ್ನುತ್ತಾರೆ. ನನ್ನನ್ನು ಕೇಳಿದರೆ, ಬೆಂಗಳೂರಿನ ಹೊರವಲಯದಲ್ಲಿ ಸೈಟ್ ಆಗುವುದಕ್ಕೆ ಮುಂಚೆ ಅದು ಯಾರ ಹೊಲ ಆಗಿತ್ತು ಅನ್ನುವವರೆಗೂ ಹೋಗಬೇಕು. ಹೊಲವನ್ನು ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರು ಮಾಡಿದ್ದಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟಕ್ಕೆ ಬೆಲೆ ಇಲ್ಲ. ಜಮೀನು ವಾಪಸ್ ಕೇಳುವುದಕ್ಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತದೆ. ಅದು ಇರಬೇಕಾದ ಕಾನೂನೇ. ಆ ಜಮೀನುಗಳು ಹೇಗೆ ಕೈಬಿಟ್ಟು ಹೋದವು ಅಂತ ನಿಮಗೆಲ್ಲ ಗೊತ್ತಿದೆ. ಆದರೆ ಐದು ಕೈ ದಾಟಿದ ಮೇಲೆ 30×40 ಅಡಿ ಸೈಟ್ ಕೊಂಡವರಿಗೆ ಹೊಲದ ಕಥೆ ಯಾರೂ ಹೇಳಿರುವುದಿಲ್ಲ. ಮಂಜೂರಾತಿ, ಹೊಲವನ್ನು ಬೇರೆ ಬಳಕೆಗೆ ಬದಲಾಯಿಸಿದ ಡಿಸಿ ಕನ್ವರ್ಷನ್ ಆದೇಶ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟಿದೆ, ಸ್ವಾಧೀನಕ್ಕೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನೋಟಿಫಿಕೇಶನ್ ಆಗಿತ್ತಾ, ಸರ್ವೆ ನಕ್ಷೆಯಲ್ಲಿ ರಾಜಕಾಲುವೆ ಎಲ್ಲಿ ಹಾದುಹೋಗಿದೆ. ಇದನ್ನೆಲ್ಲ ಕೇಳಿದರೆ "ನೀವು ಜಾಸ್ತಿ ತಲೆ ಕೆಡಿಸಿಕೊಳ್ತೀರ" ಅಂತಾರೆ. ಅಂದುಕೊಳ್ಳಲಿ ಬಿಡಿ.

ಈಗ ಇ.ಸಿ. ಅಂದರೆ ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನಿಮಗೆ ತೋರಿಸುವುದಕ್ಕೆ ಅಂತಲೇ ಒಂದು ಮಾದರಿ ಮಾಡಿಕೊಂಡು ಬಂದಿದ್ದೇನೆ, ಪರದೆ ಮೇಲೆ ನೋಡಿ. 30×40 ಸೈಟು. 1-4-2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕೂತಲ್ಲೇ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕ ಹುಡುಕಿಸಬೇಕು. ಈ ಹಾಳೆಯಲ್ಲಿ ಮೂರು ಸಾಲು ಇವೆ. 2005ರ ಕ್ರಯಪತ್ರ. 2009ರ ಅಡಮಾನ. 2016ರ ಇನ್ನೊಂದು ಕ್ರಯಪತ್ರ. ಏನು ಕಾಣಿಸುತ್ತಿಲ್ಲ ಹೇಳಿ?

ಮುಂದೆ ಕೂತಿದ್ದ ಒಬ್ಬ ಹುಡುಗಿ ಥಟ್ ಅಂತ ಹೇಳಿದಳು, "ಅಡಮಾನ ತೀರಿಸಿದ್ದು." ಹೌದು. 2009ರ ಸಾಲ ತೀರಿತು ಅನ್ನುವ ಖುಲಾಸೆ ಪತ್ರ ಇಲ್ಲ. ಸಾಲ ತೀರಿರಬಹುದು, ಬರೆಸಿಕೊಳ್ಳುವುದಕ್ಕೆ ಸೋಮಾರಿತನ ಮಾಡಿರಬಹುದು. ಆದರೆ ಕೇಳಬೇಕಾದವರು ನೀವು, ಅದೂ ಅಡ್ವಾನ್ಸ್ ಕೊಡುವ ಮುಂಚೆ.

ಇದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ. ನೀವು ಏನು ಕೊಟ್ಟು ಹುಡುಕಿಸುತ್ತೀರೋ ಅದಕ್ಕೆ ಹೊಂದುವುದು ಮಾತ್ರ ಇ.ಸಿ.ಯಲ್ಲಿ ಬರುತ್ತದೆ. ಒಂದೇ ಜಾಗಕ್ಕೆ ಒಂದು ಪತ್ರದಲ್ಲಿ ಸರ್ವೆ ನಂಬರ್ ಹಾಕಿರುತ್ತಾರೆ, ಇನ್ನೊಂದರಲ್ಲಿ ಪಂಚಾಯ್ತಿ ಖಾತಾ ನಂಬರ್, ಇನ್ನೂ ಹಳೆಯದರಲ್ಲಿ ಖಾನೇಷುಮಾರಿ, ಅಂದರೆ ಊರಿನ ಹಳೆಯ ಮನೆ ಪಟ್ಟಿಯ ನಂಬರ್. ಊರಿನ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿರುತ್ತಾರೆ. ಇದೇ ಮಾದರಿ ಸೈಟಿಗೆ ಸರ್ವೆ ನಂಬರ್ ಹಾಕಿ ತೆಗೆದ ಇ.ಸಿ. ಈಗ ನೋಡಿ, ಅಲ್ಲಿ 2007ರ ಒಂದು ಮಾರಾಟದ ಕರಾರು ಕೂತಿದೆ! ಸೈಟ್ ನಂಬರ್‌ನಲ್ಲಿ ಹುಡುಕಿದಾಗ ಅದು ಬರಲೇ ಇಲ್ಲ. ಅದಕ್ಕೇ ಆಸ್ತಿಗೆ ಎಷ್ಟು ಹೆಸರು, ನಂಬರ್ ಇವೆಯೋ ಅಷ್ಟರಲ್ಲೂ ಇ.ಸಿ. ತೆಗೆಸಿ. ಇನ್ನು ನಮೂನೆ 16, ಅಂದರೆ ಯಾವ ವ್ಯವಹಾರವೂ ಇಲ್ಲ ಅನ್ನುವ ಇ.ಸಿ. ಬಂದರೆ ಜನ ಸಿಹಿ ಹಂಚುವಷ್ಟು ಖುಷಿ ಪಡುತ್ತಾರೆ. ಮಾರುವವರು 10 ವರ್ಷದ ಹಿಂದೆ ಕೊಂಡೆ ಅಂತಾರೆ, ನಿಮ್ಮ 20 ವರ್ಷದ ಇ.ಸಿ. ಖಾಲಿ ಬರುತ್ತದೆ. ಅವರು ಕೊಂಡಿದ್ದೇ ಅದರಲ್ಲಿ ಇಲ್ಲ ಅಲ್ವಾ? ಅಂದರೆ ಹುಡುಕಿದ ವಿವರವೇ ತಪ್ಪು.

ಇ.ಸಿ.ಯಲ್ಲಿ ಬರದೇ ಇರುವುದೂ ಬಹಳ ಇದೆ. ವಿಲ್ ಬರುವುದಿಲ್ಲ, ಅದನ್ನು ನೋಂದಣಿ ಮಾಡಿಸಲೇಬೇಕು ಅಂತಲೂ ಇಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತೆಗೆದುಕೊಂಡರೆ ಅದೂ ಅಡಮಾನವೇ, ನೋಂದಣಿ ಆಗಿಲ್ಲದಿದ್ದರೆ ಇಲ್ಲಿ ಕಾಣುವುದಿಲ್ಲ. ಅದಕ್ಕೆ ಸೆರ್ಸಾಯ್ ಅನ್ನುವ ಕೇಂದ್ರ ದಾಖಲೆಯಲ್ಲಿ ಹುಡುಕಬಹುದು. ಕೋರ್ಟ್ ಕೇಸ್ ಸಾಮಾನ್ಯವಾಗಿ ಕಾಣುವುದಿಲ್ಲ. ಕೇಸ್ ನಡೆಯುತ್ತಿರುವಾಗ ಕೊಂಡರೆ, ನಿಮಗೆ ಗೊತ್ತಿತ್ತೋ ಇಲ್ಲವೋ, ತೀರ್ಪು ನಿಮಗೂ ಅಂಟಿಕೊಳ್ಳುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ನೋಡುವುದಕ್ಕೆ ದುಡ್ಡು ಖರ್ಚಿಲ್ಲ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೇಸ್ ಹುಟ್ಟಿಸುವ ಜಾಗಕ್ಕೆ ಬರೋಣ. ಮನೆಯವರು.

ಒಬ್ಬ ಅಪ್ಪ ಅಂದುಕೊಳ್ಳಿ. ಹಿಂದೂ ಕುಟುಂಬ. ಸ್ವಂತ ದುಡಿಮೆಯಲ್ಲಿ ಸೈಟ್ ಮಾಡಿದ್ದ, ವಿಲ್ ಬರೆಯದೆ 1998ರಲ್ಲಿ ತೀರಿಕೊಂಡ. ಹೆಂಡತಿ, ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು. ಗಂಡು ಮಕ್ಕಳು ಖಾತಾ ತಮ್ಮ ಹೆಸರಿಗೆ ಮಾಡಿಸಿಕೊಂಡು ಅಮ್ಮನ ಸಹಿ ಹಾಕಿಸಿ 2006ರಲ್ಲಿ ಮಾರಿದರು. ಮಗಳನ್ನು ಕೇಳಲಿಲ್ಲ, "ಅವಳಿಗೆ ಮದುವೆಯಲ್ಲಿ ಕೊಟ್ಟಾಗಿದೆ" ಅನ್ನುವುದು ಕಾರಣ. ಇದು ಸರೀನಾ?

"ಹೆಣ್ಣು ಮಕ್ಕಳಿಗೆ ಪಾಲು ಬಂದಿದ್ದು 2005ರಲ್ಲಿ ಅಲ್ವಾ, ಅಪ್ಪ ಅದಕ್ಕೆ ಮುಂಚೆಯೇ ಹೋದರಲ್ಲ" ಅಂತ ಒಬ್ಬ ಹಿರಿಯರು ಕೇಳಿದರು. ಬಹಳ ಜನ ಹಾಗೇ ತಿಳಿದುಕೊಂಡಿದ್ದಾರೆ. 2005ರ ತಿದ್ದುಪಡಿ ಇರುವುದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಬಗ್ಗೆ, ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಅಂತಲೂ ಹೇಳಿತು. ನಮ್ಮ ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು, ಮದುವೆಯಾಗಿದ್ದ ಹೆಣ್ಣು ಮಕ್ಕಳನ್ನು ಮಾತ್ರ ಹೊರಗಿಟ್ಟಿತ್ತು. ಆದರೆ ಅಪ್ಪನ ಸ್ವಂತ ಆಸ್ತಿ, ವಿಲ್ ಇಲ್ಲ ಅಂದರೆ ಇದ್ಯಾವುದೂ ಬೇಕಾಗಿಲ್ಲ. ಅಲ್ಲಿ ಮಗಳಿಗೆ ಮಗನಷ್ಟೇ ಪಾಲು ಇರುವುದು 1956ರಿಂದ. ಮದುವೆ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ.

ಇನ್ನೊಬ್ಬರನ್ನು ನೀವೂ ಮರೆತಿರಿ, ಗಮನಿಸಿದಿರಾ? ಅಪ್ಪನ ಅಮ್ಮ. 1998ರಲ್ಲಿ ಅಜ್ಜಿ ಬದುಕಿದ್ದರೆ ಅವರೂ ಮೊದಲ ದರ್ಜೆಯ ವಾರಸುದಾರರು, ಸೊಸೆ ಮೊಮ್ಮಕ್ಕಳ ಜೊತೆ ಸಮಾನ ಪಾಲು. ಅಜ್ಜಿ 2001ರಲ್ಲಿ ವಿಲ್ ಇಲ್ಲದೆ ಹೋದರು ಅನ್ನಿ. ಅವರ ಆ ಐದರಲ್ಲೊಂದು ಪಾಲು ಅವರ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ, ಅಂದರೆ ಅಪ್ಪನ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ. ಶಿವಮೊಗ್ಗದಲ್ಲಿರುವ ಅತ್ತೆಗೆ ವಿಜಯನಗರದ ಸೈಟಿನಲ್ಲಿ ಒಂದು ಚೂರು ಪಾಲಿದೆ ಅಂತ ಅತ್ತೆಗೇ ಗೊತ್ತಿರುವುದಿಲ್ಲ. ಗೊತ್ತಾಗುವುದು ಸಾಮಾನ್ಯವಾಗಿ ಸೈಟಿನ ಬೆಲೆ ಏರಿದ ಮೇಲೆ.

ಅದಕ್ಕೇ ಯಾರಾದರೂ ತೀರಿಕೊಂಡ ಮೇಲೆ ಬಂದ ಆಸ್ತಿ ಅಂದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಕೈಯಲ್ಲಿ ಹಿಡಿದು ಕೂತು ಲೆಕ್ಕ ಹಾಕಿ. ತೀರಿಕೊಂಡ ದಿನ ಯಾರು ಯಾರು ಬದುಕಿದ್ದರು? ವಂಶವೃಕ್ಷದಲ್ಲಿ ಹೆಣ್ಣು ಮಕ್ಕಳ ಹೆಸರು ಬಿಟ್ಟಿದ್ದಾರಾ ಅಂತ ಊರಿನಲ್ಲಿ ವಿಚಾರಿಸಿ. ಪಾಲುದಾರರು ಎಲ್ಲರೂ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸಹಿ ಮಾಡಲಿ. "ಒಪ್ಪಿಗೆ ಸಾಕ್ಷಿ" ಅಂತ ಕೊನೆಯಲ್ಲಿ ಒಂದು ಸಹಿ ಹಾಕಿಸುವುದು ನಮ್ಮಲ್ಲಿ ಚಾಳಿಯಾಗಿಬಿಟ್ಟಿದೆ. ಸಾಕ್ಷಿ ಹಾಕಿದವರು ಹಕ್ಕು ಮಾರಿದರಾ ಇಲ್ಲವಾ ಅಂತ ಮುಂದೆ ವಾದ ಮಾಡುವುದಕ್ಕೆ ಜಾಗ ಯಾಕೆ ಬಿಡಬೇಕು? ಬರಲು ಆಗದವರಿಂದ ಮೊದಲೇ ಹಕ್ಕು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಿಕೊಳ್ಳಿ. ಪಾಲುದಾರರಲ್ಲಿ ಅಪ್ರಾಪ್ತ ಮಗು ಇದ್ದರೆ ಆ ಮಗುವಿನ ಸ್ವಂತ ಪಾಲು ಮಾರುವುದಕ್ಕೆ ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ದರೆ 18 ತುಂಬಿ ಮೂರು ವರ್ಷದೊಳಗೆ ಬಂದು ಪ್ರಶ್ನೆ ಮಾಡಬಹುದು.

ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರದ ಬಗ್ಗೆ ಚೀಟಿ ಬಂದಿದೆ. ಬಿಡಿಎ ಮೊದಲು ಸೈಟ್ ಕೊಡುತ್ತಿದ್ದುದು ಲೀಸ್ ಕಮ್ ಸೇಲ್ ಕರಾರಿನ ಮೇಲೆ, ಅಂದರೆ ಮೊದಲು ಗುತ್ತಿಗೆ, 10 ವರ್ಷ ಆದ ಮೇಲೆ ಶುದ್ಧ ಕ್ರಯಪತ್ರ. ಮಧ್ಯೆ ಮಾರುವ ಹಾಗಿರಲಿಲ್ಲ. ಜನ ಒಂದು ಜಿಪಿಎ, ಒಂದು ಅಫಿಡವಿಟ್, ಒಂದು ವಿಲ್ ಬರೆದು ದುಡ್ಡು ತೆಗೆದುಕೊಂಡು ಹೋದರು. ಇಂಥ ಕಟ್ಟು ಹಳೆಯ ಬಡಾವಣೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಜಿಪಿಎ ಹಿಡಿದವರು ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದು, ಅದು ಬೇರೆ ಮಾತು. ಆದರೆ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೇ ಮುಗಿಯಿತು. ಆದ್ದರಿಂದ ಸಹಿ ಹಾಕುವ ದಿನ ಮಾಲೀಕರು ಬದುಕಿದ್ದಾರೆ ಅನ್ನುವುದಕ್ಕೆ ಪುರಾವೆ ಕೇಳಿ. ಒಂದು ವಿಡಿಯೋ ಕಾಲ್ ಆದರೂ ಮಾಡಿ.

ಜಾಗಕ್ಕೆ ಹೋಗಿ ನೋಡುವುದನ್ನು ವಕೀಲರು ಮಾಡುವುದಿಲ್ಲ, ನೀವೇ ಮಾಡಬೇಕು. ಬೆಳಗ್ಗೆ ಒಂದು ಸಲ, ಬ್ರೋಕರ್ ಇಲ್ಲದೆ. ಒಳಗೆ ಯಾರಾದರೂ ಇದ್ದರೆ ಬಾಗಿಲು ತಟ್ಟಿ "ನೀವು ಯಾವ ಲೆಕ್ಕದಲ್ಲಿ ಇದ್ದೀರಿ" ಅಂತ ಕೇಳಿ. ಬಾಡಿಗೆಯೋ, ಲೀಸೋ, ಅವರೂ ಅಡ್ವಾನ್ಸ್ ಕೊಟ್ಟಿದ್ದಾರೋ? ಸ್ವಾಧೀನದಲ್ಲಿ ಇರುವವರ ಹಕ್ಕು ನಿಮಗೆ ಗೊತ್ತಿತ್ತು ಅಂತಲೇ ಕಾನೂನು ಭಾವಿಸುತ್ತದೆ, ನನಗೆ ಯಾರೂ ಹೇಳಲಿಲ್ಲ ಅಂದರೆ ನಡೆಯುವುದಿಲ್ಲ. ಕ್ರಯಪತ್ರದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ವಿವರ, ಕೈಯಲ್ಲಿ ಹಿಡಿದು ನಿಂತುಕೊಳ್ಳಿ. ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದಾರೆ, ಸೂರ್ಯ ಹುಟ್ಟುವ ಕಡೆ ಪಕ್ಕದವರ ಗೋಡೆ ಇದ್ದರೆ ನೀವು ನಿಂತಿರುವುದು ಬೇರೆ ಯಾರದೋ ಸೈಟಿನಲ್ಲಿ ಇರಬಹುದು.

ಇಷ್ಟೆಲ್ಲ ಆದ ಮೇಲೆ ಕರಾರು. ನಮ್ಮಲ್ಲಿ ಆಗುವುದು ಉಲ್ಟಾ. ಶನಿವಾರ ಸೈಟ್ ನೋಡಿ, "ಇನ್ನೊಂದು ಪಾರ್ಟಿ ಕಾಯ್ತಾ ಇದೆ" ಅಂದ ತಕ್ಷಣ ಸೋಮವಾರ 5 ಲಕ್ಷ ಟೋಕನ್ ಹಾಕಿ, ಆಮೇಲೆ ವಕೀಲರನ್ನು ಹುಡುಕುತ್ತಾರೆ. ದುಡ್ಡು ಹೋದ ಮೇಲೆ ದೋಷ ಸಿಕ್ಕರೆ ಮನಸ್ಸು ಒಪ್ಪುವುದಿಲ್ಲ. "ಅದೇನು ಅಷ್ಟು ದೊಡ್ಡದಾ ಸಾರ್, ಅಡ್ಜಸ್ಟ್ ಮಾಡ್ಕೋಬಹುದಲ್ವಾ" ಅಂತ ನನ್ನನ್ನೇ ಕೇಳುತ್ತಾರೆ. ಟೋಕನ್ ಕೊಡಲೇಬೇಕು ಅಂದರೆ ಚಿಕ್ಕ ಮೊತ್ತ ಕೊಡಿ. ಹಕ್ಕಿನಲ್ಲಿ ದೋಷ ಕಂಡರೆ ಇಂತಿಷ್ಟು ದಿನದಲ್ಲಿ ವಾಪಸ್ ಅಂತ ಬರೆಸಿಕೊಂಡು ಬ್ಯಾಂಕ್ ಮೂಲಕವೇ ಕೊಡಿ.

ಕರಾರು ನಿಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಮಾರುವವರ ಮೇಲೆ ಕೇಸ್ ಹಾಕುವ ಹಕ್ಕು ಕೊಡುತ್ತದೆ, ಅಷ್ಟೇ. ನಿಗದಿ ಮಾಡಿದ ದಿನದಿಂದ ಮೂರು ವರ್ಷ ಗಡುವು, ಅದೂ ನಿಮ್ಮ ಹತ್ತಿರ ದುಡ್ಡು ತಯಾರಿತ್ತು ಅಂತ ತೋರಿಸಬೇಕು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬೆಂಗಳೂರಿನದೇ ಒಂದು ಪ್ರಕರಣವಿದೆ. ಒಂದು ಆಸ್ತಿಗೆ ಕೆಲವರು 2018ರಲ್ಲಿ ಬೇರೆಯವರ ಜೊತೆ ಕರಾರು ಮಾಡಿಕೊಂಡು 75 ಲಕ್ಷ ನಗದು ಕೊಟ್ಟಿದ್ದೇವೆ ಅಂತ ಹೇಳಿ, ಸ್ವಾಧೀನದಲ್ಲಿದ್ದ ಶಿಕ್ಷಣ ಸಂಸ್ಥೆಯ ಮೇಲೆ ದಾವೆ ಹಾಕಿದ್ದರು. ಬರೀ ಕರಾರು ಹಿಡಿದುಕೊಂಡು ಮೂರನೆಯವರ ಮೇಲೆ ಹೀಗೆ ಬರುವ ಹಾಗಿಲ್ಲ ಅಂತ ಕೋರ್ಟ್ ದಾವೆಯನ್ನೇ ತಿರಸ್ಕರಿಸಿತು. ಜೊತೆಗೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕೊಟ್ಟೆ ಅಂತ ಯಾರಾದರೂ ದಾವೆಯಲ್ಲಿ ಹೇಳಿಕೊಂಡರೆ ಆದಾಯ ತೆರಿಗೆಯವರಿಗೆ ತಿಳಿಸಬೇಕು ಅಂತ ಕೋರ್ಟುಗಳಿಗೆ ಹೇಳಿತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮುಟ್ಟುವ ನಗದನ್ನೂ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಮಾರುವವರು ಇದನ್ನು ಕೇಳಿಸಿಕೊಂಡಿರಿ ತಾನೇ?

ಖರ್ಚಿನ ಲೆಕ್ಕ ಕೇಳಿದ್ದೀರಿ. 60 ಲಕ್ಷದ ಮನೆ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ. 10 ಸೆಸ್ 30,000, ನಗರದಲ್ಲಿ ಶೇ. 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ, ಅದು 1,20,000. ಒಟ್ಟು 4,56,000. ಕ್ರಯದ ಬೆಲೆ, ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. 50 ಲಕ್ಷ ಮತ್ತು ಮೇಲ್ಪಟ್ಟಿದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇಲ್ಲಿ 60,000. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ ಶೇ. 1 ಅನ್ವಯಿಸುವುದಿಲ್ಲ, ಹಿಡಿಯಬೇಕಾದ ತೆರಿಗೆ ಬಹಳ ಜಾಸ್ತಿ. ಅಂಥ ವ್ಯವಹಾರಕ್ಕೆ ಕೈ ಹಾಕುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಕೂತುಕೊಳ್ಳಿ.

"ಬಿಲ್ಡರ್ ಫ್ಲ್ಯಾಟ್ ಆದರೆ ಇಷ್ಟೆಲ್ಲ ಬೇಕಾ?" ಬೇಕು, ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಜಮೀನು ಮಾಲೀಕರು, ಬಿಲ್ಡರ್ ಜಂಟಿ ಅಭಿವೃದ್ಧಿ ಮಾಡಿದ್ದರೆ ನಿಮ್ಮ ಫ್ಲ್ಯಾಟ್ ಯಾರ ಪಾಲಿಗೆ ಬಂದಿದ್ದು ಅಂತ ಹಂಚಿಕೆ ಪತ್ರದಲ್ಲಿ ನೋಡಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ, ಬಿಲ್ಡರ್ ಕರಾರು ರಿಜಿಸ್ಟರ್ ಮಾಡದೆ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಒಸಿ, ಅಂದರೆ ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ ಬಂದಿದೆಯಾ ಅಂತ ಕೇಳಿ, "ಬರುತ್ತೆ" ಅಂದರೆ ಬಂದಿಲ್ಲ ಅಂತ ಅರ್ಥ.

ಕೊನೆಯ ಪ್ರಶ್ನೆ ಒಬ್ಬ ಮೇಡಂ ಕೇಳಿದರು. ಅವರ ಕ್ರಯಪತ್ರದಲ್ಲಿ ಅಳತೆ ತಪ್ಪಾಗಿದೆ, 40 ಅಡಿ ಬದಲು 30 ಅಂತ ಎರಡು ಕಡೆ ಬಿದ್ದಿದೆ, ಆಫೀಸಿಗೆ ಹೋಗಿ ತಿದ್ದಿಸಬಹುದಾ? ಸುಮ್ನೆ ಅರ್ಜಿ ಕೊಟ್ಟರೆ ತಿದ್ದುವುದಿಲ್ಲ ಮೇಡಂ. ತಿದ್ದುಪಡಿ ಪತ್ರ ಬರೆಸಿ, ಮಾರಿದವರೇ ಮತ್ತೆ ಬಂದು ಸಹಿ ಹಾಕಿ ಅದನ್ನೂ ರಿಜಿಸ್ಟರ್ ಮಾಡಿಸಬೇಕು. ಅವರು ಬರಲ್ಲ ಅಂದರೆ ಕೋರ್ಟ್. ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲ ಬರಬೇಕು. ಮಾರಿದವರು ಇನ್ನೂ ಇದ್ದಾರೆ, ಮಲ್ಲೇಶ್ವರದಲ್ಲೇ ಇದ್ದಾರೆ ಅಂದರು ಅವರು. ಹಾಗಾದರೆ ಈ ವಾರವೇ ಫೋನ್ ಮಾಡಿ.